ಸ್ವಿಚ್‌ಮ್ಯಾಪ್‌ಗೆ ಕನ್ನಡ ಪದ ಬೇಡ, ಕನ್ನಡ ವಾಕ್ಯ ಸಾಕು

ನಮ್ಮ ಕ್ಯಾಂಪಸ್‌ನಲ್ಲಿ ಮಿನಿ ಪ್ರಾಜೆಕ್ಟ್ ಮಾಡ್ತಿರೋ ಯಾವ ಟೀಮ್‌ನ ಲ್ಯಾಪ್‌ಟಾಪ್ ತೆಗೆದು ನೋಡಿದ್ರೂ ಒಂದು ಸರ್ಚ್ ಬಾಕ್ಸ್ ಸಿಗತ್ತೆ. ಅದರ ಹಿಂದೆ ಹೆಚ್ಚುಕಮ್ಮಿ ಇದೇ ಸಾಲು ಇರತ್ತೆ:

ಇನ್‌ಪುಟ್ → ಡಿಬೌನ್ಸ್‌ಟೈಮ್(300) → ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್ → ಸ್ವಿಚ್‌ಮ್ಯಾಪ್(ಹುಡುಕು) → ಸಬ್‌ಸ್ಕ್ರೈಬ್(ತೋರಿಸು)

ಎಲ್ಲಿಂದಲೋ ಕಾಪಿ ಆಗಿ ಬಂದಿದ್ದು. ಕೆಲಸವನ್ನೂ ಮಾಡತ್ತೆ. ವೈವಾದಲ್ಲಿ ಸ್ವಿಚ್‌ಮ್ಯಾಪ್ ಅಂದ್ರೇನು ಅಂತ ಕೇಳಿದ್ರೆ "ಇಟ್ ಸ್ವಿಚಸ್ ಟು ದ ನ್ಯೂ ಅಬ್ಸರ್ವಬಲ್, ಸರ್" ಅಂತ ಉತ್ತರವೂ ರೆಡಿ. ಸರಿ, ಹಾಗಂದ್ರೇನು ಅಂತ ಇನ್ನೊಂದು ಪ್ರಶ್ನೆ ಬಂತು ಅಂದ್ಕೊಳ್ಳಿ. ಆಮೇಲೆ ಲ್ಯಾಬ್‌ನಲ್ಲಿ ಫ್ಯಾನ್ ತಿರುಗೋ ಸದ್ದು ಮಾತ್ರ.

ಈ ಲೇಖನದಲ್ಲಿ ನಾವು ಹೇಳೋಕೆ ಹೊರಟಿರೋದು ಒಂದೇ ಮಾತು. ಇಂಥ ಚೈನ್‌ಗಳನ್ನು ಹೆಸರುಗಳ ಪಟ್ಟಿಯ ಥರ ಉರು ಹೊಡೆಯೋದು ಬಿಟ್ಟು, ಒಂದು ಕನ್ನಡ ವಾಕ್ಯದ ಥರ ಬಾಯಲ್ಲಿ ಹೇಳಿ ಕಲಿಯೋಣ. ಇದು ನವೆಂಬರ್ ತಿಂಗಳ ಅಭಿಮಾನದ ಮಾತಲ್ಲ. ನಾವು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಮ್‌ನಲ್ಲೇ ಓದಿದವರು, 'ಮಹಾಪ್ರಾಣ' ಎಲ್ಲಿ ಹಾಕ್ಬೇಕು ಅಂತ ಈಗಲೂ ಪಕ್ಕದವರನ್ನ ಕೇಳೋರು. ಆದ್ರೂ ಈ ಮಾತು ಹೇಳ್ತಿದ್ದೀವಿ, ಯಾಕಂದ್ರೆ ರಿಯಾಕ್ಟಿವ್ ಪ್ರೋಗ್ರಾಮಿಂಗ್‌ನ ಚೈನ್ ಮತ್ತು ನಾವು ಮನೆಯಲ್ಲಿ ಆಡೋ ವಾಕ್ಯ, ಎರಡರ ಕಟ್ಟಡವೂ ಬಹಳ ಮಟ್ಟಿಗೆ ಒಂದೇ ಥರ ಇದೆ.

ಮೊದಲು ವಿಷಯ ಏನು

ಬೇರೆ ಬ್ರ್ಯಾಂಚ್‌ನ ಗೆಳೆಯರಿಗಾಗಿ ಎರಡು ಮಾತು. ಮೊದಲ ಸೆಮಿಸ್ಟರ್‌ನಲ್ಲಿ ನಾವು ಕಲಿಯೋ ಪ್ರೋಗ್ರಾಮ್‌ನಲ್ಲಿ ಡೇಟಾ ಕೈಯಲ್ಲೇ ಇರತ್ತೆ. ಹತ್ತು ಅಂಕೆಯ ಅರೇ ಇದೆ, ಫಾರ್ ಲೂಪ್ ಹಾಕಿ ಒಂದೊಂದೇ ಎತ್ಕೊಳ್ತೀವಿ. ಅಂದ್ರೆ ಎಳೆದುಕೊಳ್ಳೋರು ನಾವು. ಆದ್ರೆ ಕೀಬೋರ್ಡ್ ಒತ್ತೋದು, ಮೌಸ್ ಸರಿಯೋದು, ಸೆನ್ಸರ್‌ನಿಂದ ಉಷ್ಣಾಂಶ ಬರೋದು, ಸರ್ವರ್ ಉತ್ತರ ಕೊಡೋದು ಇವೆಲ್ಲ ನಮ್ಮ ಲೂಪ್‌ಗೆ ಕಾಯಲ್ಲ. ಅವು ಬರುವಾಗ ಬರತ್ತೆ. ಇಲ್ಲಿ ಡೇಟಾನೇ ನಮ್ಮನ್ನ ತಳ್ಳತ್ತೆ. ಹೀಗೆ ಕಾಲದ ಉದ್ದಕ್ಕೂ ಒಂದೊಂದಾಗಿ ಬರೋ ಡೇಟಾವನ್ನು 'ಸ್ಟ್ರೀಮ್' ಅಂತೀವಿ. ಆ ಸ್ಟ್ರೀಮ್ ಮೇಲೆ ಚಿಕ್ಕಚಿಕ್ಕ ಫಂಕ್ಷನ್‌ಗಳನ್ನ ಸಾಲಾಗಿ ಜೋಡಿಸಿ, ಒಂದರ ಬಾಯಿಂದ ಬಂದದ್ದು ಇನ್ನೊಂದರ ಬಾಯಿಗೆ ಹೋಗೋ ಹಾಗೆ ಮಾಡೋದೇ ಚೈನ್.

ಜೋಡಿಸೋ ಐಡಿಯಾ ಹೊಸದೇನಲ್ಲ. 1964ರಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಒಂದು ಟಿಪ್ಪಣಿಯಲ್ಲಿ, ಪ್ರೋಗ್ರಾಮ್‌ಗಳನ್ನ ತೋಟಕ್ಕೆ ನೀರು ಬಿಡೋ ಪೈಪಿನ ಥರ ತುಂಡು ತುಂಡಾಗಿ ಜೋಡಿಸೋಕೆ ಆಗಬೇಕು ಅಂತ ಬರೆದಿದ್ರು. 1973ರಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್‌ಗೆ ಪೈಪ್ ಸೇರಿಸಿದ್ರು. ನಮ್ಮ ಲ್ಯಾಬ್‌ನಲ್ಲಿ ಗ್ರೆಪ್ ಆದ ಮೇಲೆ ಒಂದು ನಿಂತ ಗೆರೆ ಎಳೆದು ಸಾರ್ಟ್ ಅಂತ ಬರೀತೀವಲ್ಲ, ಆ ಗೆರೆಯೇ ಅದು. 1997ರಲ್ಲಿ ಕೊನಾಲ್ ಎಲಿಯಟ್ ಮತ್ತು ಪಾಲ್ ಹುಡಾಕ್ ಹ್ಯಾಸ್ಕೆಲ್‌ನಲ್ಲಿ ಆನಿಮೇಶನ್‌ಗಾಗಿ 'ಫ್ರಾನ್' ಮಾಡಿ, ಕಾಲದ ಜೊತೆ ಬದಲಾಗೋ ಬೆಲೆಗಳನ್ನೇ ಫಂಕ್ಷನ್‌ಗಳಿಂದ ಜೋಡಿಸಬಹುದು ಅಂತ ತೋರಿಸಿದ್ರು. 2009ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಎರಿಕ್ ಮೈಯರ್ ಅವರ ತಂಡ 'ರಿಯಾಕ್ಟಿವ್ ಎಕ್ಸ್‌ಟೆನ್ಶನ್ಸ್' ಹೊರತಂದಿತು. ನೆಟ್‌ಫ್ಲಿಕ್ಸ್ ಅದನ್ನ ಜಾವಾಗೆ ತಂದು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ನಾವು ಇವತ್ತು ಆರ್‌ಎಕ್ಸ್‌ಜೆಎಸ್, ಆರ್‌ಎಕ್ಸ್‌ಜಾವಾ ಅನ್ನೋದು ಅದೇ ಮನೆತನ.

ವಾಕ್ಯ ಹೇಗೆ ಚೈನ್ ಆಗತ್ತೆ

ಅಮ್ಮ ಫೋನಲ್ಲಿ ಹೇಳೋ ಥರದ ಒಂದು ವಾಕ್ಯ ತಗೊಳ್ಳಿ: "ಸಂತೆಗೆ ಹೋಗಿ, ಬದನೆಕಾಯಿ ತಂದು, ತೊಳೆದು, ಹೆಚ್ಚಿ, ಹುಳಿ ಮಾಡಿದೆ." ಹೋಗಿ, ತಂದು, ತೊಳೆದು, ಹೆಚ್ಚಿ ಇವನ್ನ ಹೈಸ್ಕೂಲ್ ವ್ಯಾಕರಣದಲ್ಲಿ ಕೃದಂತಾವ್ಯಯ ಅಂತ ಓದಿ ಒಂದು ಮಾರ್ಕ್ಸ್ ತಗೊಂಡು ಮರೆತಿದ್ದೀವಿ. ಇವು ಯಾವೂ ತಾವಾಗಿ ಮುಗಿಯಲ್ಲ. "ತೊಳೆದು, ಹೆಚ್ಚಿ..." ಅಂತ ನಿಲ್ಲಿಸಿದ್ರೆ ಆ ಕಡೆಯವರು "ಹೂಂ, ಆಮೇಲೆ?" ಅಂತಾರೆ. ಪ್ರತಿಯೊಂದೂ ಹಿಂದಿನದನ್ನ ತಗೊಂಡು ಮುಂದಿನದಕ್ಕೆ ಕೊಡತ್ತೆ, ಕೊನೆಯ ಕ್ರಿಯಾಪದ ಬಂದಾಗಲೇ ವಾಕ್ಯ ಪೂರ್ತಿ ಆಗತ್ತೆ.

ರಿಯಾಕ್ಟಿವ್ ಚೈನ್‌ನಲ್ಲಿ ನಡೆಯೋದೂ ಇದೇ. ಮ್ಯಾಪ್, ಫಿಲ್ಟರ್, ಸ್ವಿಚ್‌ಮ್ಯಾಪ್ ಎಲ್ಲ ಅರ್ಧ ಕ್ರಿಯೆಗಳು. ಎಷ್ಟು ಬರೆದ್ರೂ ಏನೂ ನಡೆಯಲ್ಲ. ಸಬ್‌ಸ್ಕ್ರೈಬ್ ಅನ್ನೋ ಪೂರ್ಣ ಕ್ರಿಯಾಪದ ಬಿದ್ದಾಗಲೇ ಇಡೀ ಸಾಲು ಜೀವ ಪಡೆಯತ್ತೆ. "ಕೋಡ್ ಎಲ್ಲಾ ಸರಿ ಇದೆ, ಎರರ್ರೂ ಇಲ್ಲ, ಆದ್ರೆ ಏನೂ ಆಗ್ತಿಲ್ಲ" ಅಂತ ಗ್ರೂಪ್‌ನಲ್ಲಿ ರಾತ್ರಿ ಒಂದು ಗಂಟೆಗೆ ಬರೋ ಮೆಸೇಜ್‌ಗಳಲ್ಲಿ ಹಲವಕ್ಕೆ ಇದೇ ಉತ್ತರ: ವಾಕ್ಯಕ್ಕೆ ಕ್ರಿಯಾಪದ ಇಲ್ಲ. ಜಾವಾದಲ್ಲಿ 2014ರಿಂದ ಇರೋ ಸ್ಟ್ರೀಮ್ಸ್‌ನಲ್ಲೂ ಹೀಗೇ. ಕೊನೆಗೆ ಕಲೆಕ್ಟ್ ಅಥವಾ ಫಾರ್‌ಈಚ್ ಬರೋವರೆಗೆ ಮಧ್ಯದ ಫಿಲ್ಟರ್ ಒಂದು ಅಂಕೆಯನ್ನೂ ಮುಟ್ಟಲ್ಲ. ಆದ್ರೆ ಅದು ಎಳೆದುಕೊಳ್ಳೋ ಸ್ಟ್ರೀಮ್, ಇದು ತಳ್ಳೋ ಸ್ಟ್ರೀಮ್.

ಇನ್ನೊಂದು ಹೋಲಿಕೆ. ಫಂಕ್ಷನ್ ಒಳಗೆ ಫಂಕ್ಷನ್ ಬರೆದ್ರೆ ಬೆಲೆ(ಬೈಕ್(ಅಣ್ಣ(ಗೆಳೆಯ))) ಅಂತಾಗತ್ತೆ. ಓದೋಕೆ ಒಳಗಿಂದ ಹೊರಗೆ ಬರಬೇಕು. ಅದನ್ನೇ ಚೈನ್ ಮಾಡಿದ್ರೆ ಗೆಳೆಯ → ಅಣ್ಣ → ಬೈಕ್ → ಬೆಲೆ. ಕನ್ನಡದಲ್ಲಿ ನಾವು ಹೇಳೋದೂ "ಗೆಳೆಯನ ಅಣ್ಣನ ಬೈಕಿನ ಬೆಲೆ" ಅಂತಲೇ. ಷಷ್ಠಿ ವಿಭಕ್ತಿ ಅಂದ್ರೆ ನಮ್ಮ ಡಾಟ್. ಇಂಗ್ಲಿಷ್‌ನಲ್ಲೂ ಅಪಾಸ್ಟ್ರಫಿ ಹಾಕಿ ಹೀಗೆ ಹೇಳಬಹುದು, ಸುಳ್ಳಲ್ಲ. ಆದ್ರೆ ನಮಗೆ ಬೇರೆ ದಾರಿಯೇ ಇಲ್ಲ, ನಾವು ಹುಟ್ಟಿದಾಗಿಂದ ಈ ಕ್ರಮದಲ್ಲೇ ಯೋಚಿಸ್ತಿದ್ದೀವಿ.

ಈಗ ಮೇಲಿನ ಸರ್ಚ್ ಬಾಕ್ಸ್ ಅನ್ನು ಹೇಳಿ ನೋಡೋಣ: "ಟೈಪ್ ಮಾಡೋದು ನಿಂತು 300 ಮಿಲಿಸೆಕೆಂಡ್ ಆದ ಮೇಲೆ, ಹೋದ ಸಲ ಕಳಿಸಿದ ಪದವೇ ಆಗಿರದಿದ್ದರೆ, ನಡೀತಿರೋ ಹಳೇ ಹುಡುಕಾಟ ಬಿಟ್ಟು, ಹೊಸದಾಗಿ ಹುಡುಕಿ, ಬಂದಬಂದದ್ದನ್ನು ತೋರಿಸು." ಒಂದೂ ಟೆಕ್ನಿಕಲ್ ಪದ ಇಲ್ಲ, ಆದ್ರೂ ಚೈನ್‌ನಲ್ಲಿ ಇದ್ದದ್ದು ಎಲ್ಲಾ ಇದೆ. "ಬಂದಬಂದದ್ದನ್ನು" ಅಂತ ಜೋಡಿಪದ ಹಾಕಿದ ಕೂಡಲೇ ಇದು ಒಂದು ಸಲ ನಡೆಯೋ ಕೆಲಸ ಅಲ್ಲ, ಬಂದಾಗಲೆಲ್ಲ ನಡೆಯೋದು ಅಂತಲೂ ಗೊತ್ತಾಗತ್ತೆ.

ಹೇಳಿದ್ರೆ ಬಗ್ ಕಾಣತ್ತೆ

ಇಷ್ಟೇ ಆಗಿದ್ರೆ ಚೆಂದದ ಹೋಲಿಕೆ ಅಂತ ಬಿಡಬಹುದಿತ್ತು. ಆದ್ರೆ ವಾಕ್ಯ ಹೇಳೋದ್ರಿಂದ ನಿಜವಾದ ಬಗ್‌ಗಳು ಸಿಗತ್ತೆ. ಮೂರು ಉದಾಹರಣೆ ಕೊಡ್ತೀವಿ.

ಮೊದಲನೆಯದು ಕ್ರಮ. ಡಿಬೌನ್ಸ್ ಮೊದಲೋ ಡಿಸ್ಟಿಂಕ್ಟ್ ಮೊದಲೋ? ಯಾವುದಾದ್ರೇನು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಬಸ್ ಆಪ್‌ನಲ್ಲಿ ಒಬ್ಬರು 'ಹಾವೇರಿ' ಅಂತ ಟೈಪ್ ಮಾಡಿದ್ರು, ಹುಡುಕಾಟ ಆಯ್ತು. ಆಮೇಲೆ ಕೈತಪ್ಪಿ ಒಂದು ಅಕ್ಷರ ಜಾಸ್ತಿ ಒತ್ತಿ, ತಕ್ಷಣ ಅಳಿಸಿದ್ರು. ಡಿಬೌನ್ಸ್ ಮೊದಲಿದ್ರೆ, ಕೈ ನಿಂತ ಮೇಲೆ ಬರೋದು ಮತ್ತೆ 'ಹಾವೇರಿ', ಹೋದ ಸಲದ್ದೂ 'ಹಾವೇರಿ', ಹಾಗಾಗಿ ಹುಡುಕಾಟ ಮತ್ತೆ ನಡೆಯಲ್ಲ. ಡಿಸ್ಟಿಂಕ್ಟ್ ಮೊದಲಿಟ್ಟರೆ ಅದು ನೋಡೋದು ಪ್ರತಿ ಅಕ್ಷರ ಒತ್ತಿದಾಗಿನ ಪದ. ಒಂದರಿಂದ ಒಂದಕ್ಕೆ ಯಾವಾಗಲೂ ಬದಲಾಗಿಯೇ ಇರತ್ತೆ, ಎಲ್ಲವನ್ನೂ ಒಳಗೆ ಬಿಡತ್ತೆ, ಕೊನೆಗೆ ಸರ್ವರ್‌ಗೆ ಅದೇ 'ಹಾವೇರಿ' ಎರಡನೇ ಸಲ ಹೋಗತ್ತೆ. "ಪದ ಬದಲಾಗಿದ್ದರೆ, ಆಮೇಲೆ ಕೈ ನಿಂತ ಮೇಲೆ" ಅಂತ ಬಾಯಲ್ಲಿ ಹೇಳಿದ್ರೆ, ಯಾವುದಕ್ಕೆ ಹೋಲಿಸಿ ಬದಲಾಗಿದ್ದು ಅನ್ನೋ ಪ್ರಶ್ನೆ ತಾನಾಗೇ ಬರತ್ತೆ. ಯೂನಿಕ್ಸ್‌ನ ಯುನಿಕ್ ಕಮ್ಯಾಂಡ್‌ನದ್ದೂ ಇದೇ ಸ್ವಭಾವ. ಅದು ಅಕ್ಕಪಕ್ಕದ ಸಾಲುಗಳನ್ನ ಮಾತ್ರ ಹೋಲಿಸತ್ತೆ, ಅದಕ್ಕೇ ಅದರ ಹಿಂದೆ ಸಾರ್ಟ್ ಹಾಕೋದು. ಇದು ಗೊತ್ತಿದ್ದೋರಿಗೆ ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್ ಅನ್ನೋ ಮಾರುದ್ದದ ಹೆಸರು ಹೊಸದಾಗಿ ಕಲಿಯೋ ವಿಷಯವೇ ಅಲ್ಲ.

ಎರಡನೆಯದು ನಾಲ್ಕು ಮ್ಯಾಪ್‌ಗಳು. ಇಂಟರ್ವ್ಯೂ ಪ್ರಶ್ನೆ ಅಂತಲೇ ಫೇಮಸ್ ಆಗಿರೋದು. ಒಂದು ಕೆಲಸ ನಡೀತಿರುವಾಗ ಇನ್ನೊಂದು ಬಂದ್ರೆ ಏನು ಮಾಡಬೇಕು ಅನ್ನೋದಷ್ಟೇ ಇವುಗಳ ವ್ಯತ್ಯಾಸ. ನಾಲ್ಕು ವಾಕ್ಯ ಸಾಕು:

ಕಾನ್‌ಕ್ಯಾಟ್‌ಮ್ಯಾಪ್: ಹಿಂದಿನದು ಮುಗಿಸಿ ಹೊಸದು ಶುರು ಮಾಡು.
ಮರ್ಜ್‌ಮ್ಯಾಪ್: ಹಿಂದಿನದು ಮಾಡ್ತಾ ಮಾಡ್ತಾನೇ ಹೊಸದನ್ನೂ ಮಾಡು.
ಸ್ವಿಚ್‌ಮ್ಯಾಪ್: ಹಿಂದಿನದು ಬಿಟ್ಟು ಹೊಸದು ಹಿಡಿ.
ಎಕ್ಸಾಸ್ಟ್‌ಮ್ಯಾಪ್: ಹಿಂದಿನದು ಮುಗಿಯೋವರೆಗೆ ಹೊಸದನ್ನ ಕೇಳಿಸ್ಕೊಳ್ಳಲೇಬೇಡ.

ಮುಗಿಸಿ, ಮಾಡ್ತಾ, ಬಿಟ್ಟು, ಮುಗಿಯೋವರೆಗೆ. ಇಡೀ ವ್ಯತ್ಯಾಸ ನಾಲ್ಕು ಪದಗಳ ಬಾಲದಲ್ಲಿದೆ. ಈಗ ಇದನ್ನ ಕೆಲಸಕ್ಕೆ ಹಚ್ಚಿ. ಫೀಸ್ ಕಟ್ಟೋ ಪುಟದಲ್ಲಿ 'ಪೇ' ಬಟನ್ ಇದೆ, ನೆಟ್ ನಿಧಾನ, ಹುಡುಗ ಗಾಬರಿಯಿಂದ ಮೂರು ಸಲ ಒತ್ತಿದ. ಮರ್ಜ್‌ಮ್ಯಾಪ್ ಇದ್ರೆ ಮೂರು ರಿಕ್ವೆಸ್ಟ್ ಹೋಗತ್ತೆ. ಸರ್ವರ್ ಕಡೆ ತಡೆ ಇಲ್ಲದಿದ್ರೆ ಅಪ್ಪನ ಅಕೌಂಟಿಂದ ದುಡ್ಡು ಮೂರು ಸಲ ಹೋಗಬಹುದು. ಕಾನ್‌ಕ್ಯಾಟ್‌ಮ್ಯಾಪ್ ಹಾಕಿದ್ರೂ ಮೂರೇ, ಒಂದಾದ ಮೇಲೊಂದು ಅಷ್ಟೇ. ಸ್ವಿಚ್‌ಮ್ಯಾಪ್ ಹಾಕಿದ್ರೆ? ಸರ್ಚ್ ಬಾಕ್ಸ್‌ಗೆ ಸರಿ ಇದ್ದದ್ದು ಇಲ್ಲಿಗೂ ಸರಿ ಅನ್ಸತ್ತೆ. ಆದ್ರೆ ಅದು ಬಿಡೋದು ಉತ್ತರಕ್ಕೆ ಕಾಯೋದನ್ನ. ಸರ್ವರ್‌ಗೆ ಆಗಲೇ ತಲುಪಿದ ರಿಕ್ವೆಸ್ಟ್ ವಾಪಸ್ ಬರಲ್ಲ. ದುಡ್ಡು ಹೋಗಿರತ್ತೆ, ರಸೀದಿ ಮಾತ್ರ ಕಾಣಲ್ಲ. ಇಲ್ಲಿ ಬೇಕಾದ್ದು ಎಕ್ಸಾಸ್ಟ್‌ಮ್ಯಾಪ್: "ಒಂದು ಪೇಮೆಂಟ್ ಮುಗಿಯೋವರೆಗೆ ಇನ್ನೆಷ್ಟು ಒತ್ತಿದ್ರೂ ಕೇಳಿಸ್ಕೊಳ್ಳಬೇಡ."

ತಿರುಗಿಸಿಯೂ ನೋಡಿ. ಸರ್ಚ್ ಬಾಕ್ಸ್‌ಗೆ ಮರ್ಜ್‌ಮ್ಯಾಪ್ ಹಾಕಿದ್ರೆ, 'ಹಾ' ಅಂತ ಕೇಳಿದ ದೊಡ್ಡ ಪಟ್ಟಿ ತಡವಾಗಿ ಬಂದು, ಮೊದಲೇ ಬಂದಿದ್ದ 'ಹಾವೇರಿ'ಯ ಉತ್ತರದ ಮೇಲೆ ಕೂತ್ಕೊಳ್ಳಬಹುದು. ಬಾಕ್ಸ್‌ನಲ್ಲಿ ಹಾವೇರಿ, ಕೆಳಗೆ ಹಾಸನ. ಈ ಬಗ್ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಕಾಣಲ್ಲ, ಯಾಕಂದ್ರೆ ಸರ್ವರ್ರೂ ನಮ್ಮ ಲ್ಯಾಪ್‌ಟಾಪೇ. ಡೆಮೋ ದಿನ ಹಾಸ್ಟೆಲ್ ವೈಫೈನಲ್ಲಿ ಕಾಣತ್ತೆ.

ಮೂರನೆಯದು ತಪ್ಪಾದಾಗ ಏನು ಅನ್ನೋದು. ಆರ್‌ಎಕ್ಸ್‌ನಲ್ಲಿ ಒಂದು ಸ್ಟ್ರೀಮ್‌ನಲ್ಲಿ ಎರರ್ ಬಂದ್ರೆ ಆ ಸ್ಟ್ರೀಮ್ ಅಲ್ಲಿಗೆ ಮುಗೀತು, ಮುಂದೆ ಏನೂ ಬರಲ್ಲ. ಕ್ಯಾಚ್‌ಎರರ್ ಅನ್ನು ಚೈನ್‌ನ ಕೊನೆಗೆ ಹಾಕಿ ಖಾಲಿ ಪಟ್ಟಿ ಕೊಟ್ಟರೆ, ಒಂದು ಸಲ ಸರ್ವರ್ ಕೈಕೊಟ್ಟಾಗ ಖಾಲಿ ಪಟ್ಟಿ ಬರತ್ತೆ, ನಿಜ. ಆದ್ರೆ ಅಲ್ಲಿಂದ ಮುಂದೆ ಏನು ಟೈಪ್ ಮಾಡಿದ್ರೂ ಸರ್ಚ್ ಬಾಕ್ಸ್ ಸತ್ತಿರತ್ತೆ, ಪುಟ ರಿಫ್ರೆಶ್ ಮಾಡೋವರೆಗೆ. ಅದನ್ನೇ ಸ್ವಿಚ್‌ಮ್ಯಾಪ್‌ನ ಒಳಗೆ, ಹುಡುಕು ಅನ್ನೋದರ ಪಕ್ಕದಲ್ಲೇ ಹಾಕಿದ್ರೆ ಹೋಗೋದು ಆ ಒಂದು ಹುಡುಕಾಟ ಮಾತ್ರ. "ಹುಡುಕಿ, ಹುಡುಕುವಾಗ ತಪ್ಪಾದ್ರೆ ಖಾಲಿ ಪಟ್ಟಿ ಕೊಟ್ಟು, ಮುಂದಿನ ಪದಕ್ಕೆ ಕಾಯಿ" ಅಂತ ಹೇಳೋದಕ್ಕೂ, "ಇಷ್ಟೆಲ್ಲದರಲ್ಲಿ ಎಲ್ಲಾದ್ರೂ ತಪ್ಪಾದ್ರೆ ಖಾಲಿ ಪಟ್ಟಿ ಕೊಟ್ಟು ಮುಗಿಸು" ಅಂತ ಹೇಳೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೇ ವಾಕ್ಯ ಹೇಳಿದ ಯಾರೂ ಅದನ್ನ ಕೋಡ್‌ಗೆ ಹಾಕಲ್ಲ.

ಯಾಕೆ ಕನ್ನಡದಲ್ಲೇ?

ಇಂಗ್ಲಿಷ್‌ನಲ್ಲೂ ವಾಕ್ಯ ಹೇಳಬಹುದಲ್ವಾ ಅಂತ ಕೇಳ್ತೀರ. ಹೇಳಬಹುದು. ಆದ್ರೆ ನಾವು ಹೇಳಲ್ಲ. ಇಂಗ್ಲಿಷ್‌ನಲ್ಲಿ ಕೇಳಿದ ಕೂಡಲೇ ನಮ್ಮ ಬಾಯಿಗೆ ಬರೋದು ಹೆಸರೇ: "ಇಟ್ ಡಿಬೌನ್ಸಸ್ ದ ಇನ್‌ಪುಟ್." ಡಿಬೌನ್ಸ್ ಅಂದ್ರೆ ಡಿಬೌನ್ಸ್ ಮಾಡೋದು. ಹೆಸರನ್ನೇ ಕ್ರಿಯಾಪದ ಮಾಡಿ ಉತ್ತರ ಅಂತ ಕೊಟ್ಟುಬಿಡೋಕೆ ಆ ಭಾಷೆಯಲ್ಲಿ ಜಾಗ ಇದೆ. ಕನ್ನಡದಲ್ಲಿ ಡಿಬೌನ್ಸ್‌ಗೆ ರೆಡಿ ಪದ ಇಲ್ಲದಿರೋದೇ ನಮ್ಮ ಅದೃಷ್ಟ. ಅದು ಏನು ಮಾಡತ್ತೋ ಅದನ್ನೇ ಹೇಳಬೇಕಾಗತ್ತೆ. ಎಲೆಕ್ಟ್ರಾನಿಕ್ಸ್‌ನವರಿಗೆ ಆ ಹೆಸರಿನ ಮೂಲ ಗೊತ್ತಿರತ್ತೆ. ಸ್ವಿಚ್ ಒಂದು ಸಲ ಒತ್ತಿದ್ರೂ ಒಳಗಿನ ತಗಡು ಕುಣಿದು ಹಲವು ಸಲ ಒತ್ತಿದ ಹಾಗೆ ಸಿಗ್ನಲ್ ಬರತ್ತಲ್ಲ, ಆ ಕುಣಿತ ನಿಲ್ಲೋವರೆಗೆ ಕಾಯೋದು. ಹೀಗೆ ಕನ್ನಡದಲ್ಲಿ ಹೇಳಿದ್ರೆ ಇಸಿ ಹುಡುಗಿಗೂ ಸಿಎಸ್ ಹುಡುಗನಿಗೂ ತಾವು ಮಾತಾಡ್ತಿರೋದು ಒಂದೇ ವಿಷಯ ಅಂತ ತಿಳಿಯತ್ತೆ.

ಅದಕ್ಕೇ ನಾವು ಕನ್ನಡ ಪದ ಬೇಡ ಅಂತಿರೋದು. ಸ್ವಿಚ್‌ಮ್ಯಾಪ್‌ಗೆ ಸಂಸ್ಕೃತದಿಂದ ಎರಡು ಪದ ತಂದು ಜೋಡಿಸಿ ಒಂದು ಹೆಸರು ಕಟ್ಟಿದ್ರೆ, ಉರು ಹೊಡೆಯೋಕೆ ಇನ್ನೊಂದು ಹೆಸರು ಸಿಕ್ಕಂತಾಯ್ತು ಅಷ್ಟೇ. ಹೆಸರು ಸ್ವಿಚ್‌ಮ್ಯಾಪ್ ಅಂತಲೇ ಇರಲಿ. ಅರ್ಥ ಮಾತ್ರ ನಮ್ಮ ಮಾತಲ್ಲಿ ಇರಲಿ.

ಇದು ಕನ್ನಡಕ್ಕೆ ಮಾತ್ರ ಇರೋ ಶಕ್ತಿ ಅಂತಲೂ ನಾವು ಹೇಳ್ತಿಲ್ಲ. ಹಾಸ್ಟೆಲ್‌ನಲ್ಲಿ ತೆಲುಗು ಗೆಳೆಯರು "ವೆಳ್ಳಿ" ಅಂತಾರೆ, ತಮಿಳಿನವರು "ಪೋಯಿ" ಅಂತಾರೆ, ಹಿಂದಿಯವರು "ಜಾಕರ್" ಅಂತಾರೆ. ಎಲ್ಲಾ ನಮ್ಮ "ಹೋಗಿ"ಯೇ. ಕ್ರಿಯಾಪದ ಕೊನೆಗೆ ಬರೋ ಭಾಷೆ ಆಡೋ ಯಾರಾದ್ರೂ ಇದನ್ನ ತಮ್ಮ ಮಾತಲ್ಲಿ ಮಾಡಬಹುದು, ಮಾಡಲಿ.

ಆದ್ರೆ ನಮ್ಮ ಕ್ಲಾಸ್‌ನಲ್ಲಿ ಇದರಿಂದ ಒಂದು ನ್ಯಾಯವೂ ಆಗತ್ತೆ. ಕನ್ನಡ ಮೀಡಿಯಮ್‌ನಿಂದ ಬಂದ ಎಷ್ಟೋ ಗೆಳೆಯರಿಗೆ ಕೋಡ್ ಅರ್ಥ ಆಗಿರತ್ತೆ, ವೈವಾ ಟೇಬಲ್ ಮುಂದೆ ಇಂಗ್ಲಿಷ್ ವಾಕ್ಯ ಕಟ್ಟೋಕೆ ಆಗದೆ ಸುಮ್ಮನಾಗ್ತಾರೆ. ನಮ್ಮಂಥೋರಿಗೆ ಅರ್ಥ ಅರ್ಧ ಆಗಿದ್ರೂ ವಾಕ್ಯ ಪಟಪಟ ಬರತ್ತೆ, ಮಾರ್ಕ್ಸ್ ಬೀಳತ್ತೆ. ಇಬ್ಬರಿಗೂ ಇದರಿಂದ ನಷ್ಟ. ಅವರಿಗೆ ಮಾರ್ಕ್ಸ್ ಹೋಯ್ತು, ನಮಗೆ ವಿಷಯ ಹೋಯ್ತು. ಲ್ಯಾಬ್‌ನಲ್ಲಿ "ಮೊದಲು ಕನ್ನಡದಲ್ಲಿ ಒಂದು ವಾಕ್ಯ ಹೇಳು" ಅನ್ನೋ ರೂಢಿ ಬಂದ್ರೆ, ಅಲ್ಲಿ ಮುಂದೆ ಇರೋರು ಅವರು. ನಾವು ಅವರ ಪಕ್ಕ ಕೂತು ಕಲೀಬೇಕಾಗತ್ತೆ. ಅದು ಒಳ್ಳೇದೇ.

2021ರಲ್ಲಿ ಎಐಸಿಟಿಇ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸೋಕೆ ಅನುಮತಿ ಕೊಟ್ಟಾಗ ದೊಡ್ಡ ಚರ್ಚೆ ಆಯ್ತು. ಪುಸ್ತಕ ಎಲ್ಲಿ, ಕಲಿಸೋರು ಯಾರು, ಕೆಲಸ ಸಿಗತ್ತಾ ಅಂತ. ನಾವು ಕೇಳ್ತಿರೋದು ಅಷ್ಟು ದೊಡ್ಡದಲ್ಲ. ಪರೀಕ್ಷೆ ಇಂಗ್ಲಿಷ್‌ನಲ್ಲೇ ಇರಲಿ, ಡಾಕ್ಯುಮೆಂಟೇಶನ್ ಇಂಗ್ಲಿಷ್‌ನಲ್ಲೇ ಓದೋಣ. ಅರ್ಥ ಮಾಡ್ಕೊಳ್ಳೋ ಆ ಐದು ನಿಮಿಷ ಮಾತ್ರ ನಮ್ಮದಾಗಿರಲಿ. ಅದಕ್ಕೆ ಯಾರ ಅನುಮತಿಯೂ ಬೇಡ.

ವಾಕ್ಯ ಸಾಲದ ಜಾಗ

ಹಾಗಂತ ಎಲ್ಲವೂ ವಾಕ್ಯದಲ್ಲಿ ಸಿಗತ್ತೆ ಅಂದ್ರೆ ಸುಳ್ಳು. ಎರಡು ಕಡೆ ಇದು ಕೈ ಕೊಡತ್ತೆ.

ಒಂದು, ಮುಗಿಸೋದು. ಪುಟ ಮುಚ್ಚಿದ ಮೇಲೆ ಚೈನ್ ನಿಲ್ಲಬೇಕು, ಇಲ್ಲಾಂದ್ರೆ ಅದು ಹಿಂದೆ ಕೂತು ಮೆಮೊರಿ ತಿಂತಾ ಇರತ್ತೆ. ಕನ್ನಡದಲ್ಲಿ "ಪುಟ ಮುಚ್ಚೋವರೆಗೆ" ಅಂತ ವಾಕ್ಯದ ಶುರುವಿನಲ್ಲೇ ಹೇಳೋದು ನಮಗೆ ಸಹಜ. ಆದ್ರೆ ಟೇಕ್‌ಅಂಟಿಲ್ ಅನ್ನು ಚೈನ್‌ನ ಶುರುವಿನಲ್ಲಿ ಸ್ವಿಚ್‌ಮ್ಯಾಪ್‌ಗಿಂತ ಮೊದಲೇ ಇಟ್ಟರೆ, ಹೊಸ ಪದ ಬರೋದು ನಿಲ್ಲತ್ತೆ, ಆಗಲೇ ಶುರುವಾದ ಒಳಗಿನ ಹುಡುಕಾಟ ನಿಲ್ಲಲ್ಲ. ಸಾಮಾನ್ಯವಾಗಿ ಅದನ್ನ ಕೊನೆಗೇ ಇಡಬೇಕು. ಇಲ್ಲಿ ವಾಕ್ಯ ನಂಬಿದ್ರೆ ದಾರಿ ತಪ್ಪತ್ತೆ. ಇದನ್ನ ನಿಯಮ ಅಂತಲೇ ನೆನಪಿಟ್ಕೊಳ್ಳಬೇಕು.

ಎರಡು, ವೇಗ. ಕಳಿಸೋರು ವೇಗವಾಗಿ ಕಳಿಸಿ, ತಗೊಳ್ಳೋರು ನಿಧಾನ ಇದ್ರೆ? ಯೂನಿಕ್ಸ್ ಪೈಪ್‌ನಲ್ಲಿ ಇದಕ್ಕೆ ಸುಲಭದ ಉತ್ತರ ಇದೆ. ಲಿನಕ್ಸ್‌ನಲ್ಲಿ ಪೈಪ್‌ನ ಬಫರ್ ಸಾಮಾನ್ಯವಾಗಿ 64 ಕಿಲೋಬೈಟ್, ಅದು ತುಂಬಿದ್ರೆ ಬರೆಯೋ ಪ್ರೋಗ್ರಾಮ್ ತಾನಾಗೇ ನಿಂತು ಕಾಯತ್ತೆ. ಜಾವಾ ಕಡೆಯವರು 2013ರಲ್ಲಿ 'ರಿಯಾಕ್ಟಿವ್ ಸ್ಟ್ರೀಮ್ಸ್' ಅನ್ನೋ ಒಪ್ಪಂದದ ಕೆಲಸ ಶುರು ಮಾಡಿ, 2015ರಲ್ಲಿ ಮೊದಲ ಆವೃತ್ತಿ ತಂದು, 2017ರ ಜಾವಾ 9ಕ್ಕೆ ಅದನ್ನೇ ಸೇರಿಸಿದ್ರು. ಅದರಲ್ಲಿ ತಗೊಳ್ಳೋರು "ನನಗೆ ಇನ್ನು ಹತ್ತು ಕಳಿಸು" ಅಂತ ಹಿಂದಕ್ಕೆ ಕೇಳ್ತಾರೆ, ಅಷ್ಟೇ ಬರತ್ತೆ. ಬ್ಯಾಕ್‌ಪ್ರೆಶರ್ ಅನ್ನೋದು ಇದಕ್ಕೇ. ಆದ್ರೆ ಮೌಸ್ ಹಿಡಿದ ಮನುಷ್ಯನಿಗೆ "ನಿಧಾನ ಸರಿಸಪ್ಪ" ಅಂತ ಕೋಡ್ ಹೇಳೋಕಾಗಲ್ಲ. ಹಾಗಾಗಿ ಆರ್‌ಎಕ್ಸ್‌ಜೆಎಸ್‌ನಲ್ಲಿ ನಾವೇ ತೀರ್ಮಾನ ಮಾಡಬೇಕು: ಕೆಲವನ್ನ ಬಿಡೋದಾ, ಕೂಡಿಟ್ಕೊಳ್ಳೋದಾ. ಚೈನ್‌ನಲ್ಲಿ ಮಾತು ಮುಂದಕ್ಕೆ ಹರಿಯತ್ತೆ, ಇದು ಹಿಂದಕ್ಕೆ ಹರಿಯೋ ಮಾತು. ವಾಕ್ಯದಲ್ಲಿ ಇದಕ್ಕೆ ಜಾಗ ಇಲ್ಲ, ಬೋರ್ಡ್ ಮೇಲೆ ಚಿತ್ರ ಬರೆದೇ ಕಲೀಬೇಕು.

ಇನ್ನು, ಚೈನ್ ಎಲ್ಲಾ ಕಡೆ ಬೇಕಾ ಅನ್ನೋ ಪ್ರಶ್ನೆ. ಬೇಡ. ಒಂದು ಸಲ ಸರ್ವರ್ ಕೇಳಿ ಒಂದು ಉತ್ತರ ತಗೊಳ್ಳೋಕೆ ಅಸಿಂಕ್-ಅವೇಯ್ಟ್ ಸಾಕು. 2023ರಲ್ಲಿ ಆಂಗ್ಯುಲರ್ 16 ಸಿಗ್ನಲ್ಸ್ ತಂದಿದ್ದು, ಅದೇ ವರ್ಷ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ಸ್ ಬಂದಿದ್ದು, ಎರಡರಿಂದಲೂ ಕೆಲವು ಕಡೆ ಚೈನ್‌ನ ಅಗತ್ಯ ಕಮ್ಮಿ ಆಗಿದೆ. ಹದಿನೈದು ಆಪರೇಟರ್ ಜೋಡಿಸಿದ ಚೈನ್‌ನಲ್ಲಿ ಎರರ್ ಬಂದ್ರೆ ಅದು ಎಲ್ಲಿಂದ ಬಂತು ಅಂತ ಹುಡುಕೋ ಕಷ್ಟ ಮಾಡಿದೋರಿಗೇ ಗೊತ್ತು. ಇದಕ್ಕೂ ನಮ್ಮ ಅಳತೆ ವಾಕ್ಯವೇ. ಒಂದೇ ಉಸಿರಲ್ಲಿ ಹೇಳೋಕೆ ಆಗದಿದ್ರೆ ಚೈನ್ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಹೆಸರು ಕೊಡಿ. 2017ರ ಕೊನೆಯಲ್ಲಿ ಬಂದ ಆರ್‌ಎಕ್ಸ್‌ಜೆಎಸ್ 5.5ರಿಂದ ಇದು ಸುಲಭ ಆಗಿದೆ. ಅಲ್ಲಿವರೆಗೆ ಆಪರೇಟರ್‌ಗಳು ಅಬ್ಸರ್ವಬಲ್‌ಗೆ ಅಂಟಿಕೊಂಡಿದ್ವು, ಡಾಟ್ ಹಾಕಿ ಕರೀಬೇಕಿತ್ತು. ಆಮೇಲೆ ಅವು ಬಿಡಿ ಫಂಕ್ಷನ್‌ಗಳಾದ್ವು, ಪೈಪ್ ಒಳಗೆ ಸಾಲಾಗಿ ಇಟ್ಟರಾಯ್ತು. ಬಿಡಿ ಹೆಸರಾದಾಗ ಜಾವಾಸ್ಕ್ರಿಪ್ಟ್‌ನದ್ದೇ ಪದಗಳ ಜೊತೆ ಡಿಕ್ಕಿ ಹೊಡೆಯತ್ತೆ ಅಂತ 'ಡೂ' ಹೋಗಿ 'ಟ್ಯಾಪ್' ಆಯ್ತು, 'ಕ್ಯಾಚ್' ಹೋಗಿ 'ಕ್ಯಾಚ್‌ಎರರ್' ಆಯ್ತು. ಹಳೇ ಟ್ಯುಟೋರಿಯಲ್ ನೋಡಿ ಮಾಡಿದ ಕೋಡ್ ಯಾಕೆ ಓಡಲ್ಲ ಅಂತ ತಲೆ ಕೆರ್ಕೊಂಡೋರಿಗೆ ಇದೇ ಕಾರಣ ಇರಬಹುದು. ಬಿಡಿ ಫಂಕ್ಷನ್ ಆಗಿದ್ದರಿಂದ ನಮಗಾದ ಲಾಭ ಅಂದ್ರೆ, ಮೂರು ಆಪರೇಟರ್ ಸೇರಿಸಿ 'ಕೈ ನಿಂತ ಮೇಲಿನ ಪದ' ಅನ್ನೋ ಅರ್ಥದ ನಮ್ಮದೇ ಒಂದು ಆಪರೇಟರ್ ಮಾಡ್ಕೊಂಡು, ನಾಲ್ಕು ಕಡೆ ಅದನ್ನೇ ಬಳಸಬಹುದು.

ಏನು ಮಾಡೋಣ

ದೊಡ್ಡ ಕಾರ್ಯಕ್ರಮ ಏನೂ ಬೇಡ. ಮೂರು ಕೆಲಸ, ಈ ಸೆಮಿಸ್ಟರ್‌ನಲ್ಲೇ.

ಮೊದಲನೆಯದು, ನಮ್ಮ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ಚೈನ್‌ನ ಮೇಲೆ ಒಂದು ಸಾಲು ಕನ್ನಡ ಕಾಮೆಂಟ್ ಬರೆಯೋಣ. ಯೂನಿಕೋಡ್ ಇದೆ, ಎಡಿಟರ್ ಏನೂ ಅನ್ನಲ್ಲ, ಕಂಪೈಲರ್ ಅಂತೂ ಕಾಮೆಂಟ್ ಓದೋದೇ ಇಲ್ಲ. ಕಾಗುಣಿತ ತಪ್ಪಿದ್ರೂ ಪರವಾಗಿಲ್ಲ, ಕ್ರಿಯಾಪದ ತಪ್ಪದೆ ಇರಲಿ.

ಎರಡನೆಯದು, ಟೀಮ್‌ನಲ್ಲಿ ಕೋಡ್ ನೋಡುವಾಗ ಬರೆದವರು ಸುಮ್ಮನಿರಲಿ, ಬರೆಯದೇ ಇದ್ದವರು ಚೈನ್ ನೋಡಿ ಕನ್ನಡದಲ್ಲಿ ಹೇಳಲಿ. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಬಂದ ಕಡೆ ಬಗ್ ಇರತ್ತೆ, ಇಲ್ಲಾಂದ್ರೆ ಹೆಸರು ಸರಿ ಇರಲ್ಲ.

ಮೂರನೆಯದು ನಮ್ಮ ಮೇಷ್ಟ್ರುಗಳಿಗೆ, ಮೇಡಂಗಳಿಗೆ ವಿನಂತಿ. ವೈವಾದಲ್ಲಿ ಒಂದು ಪ್ರಶ್ನೆಗಾದ್ರೂ "ಕನ್ನಡದಲ್ಲಿ ಹೇಳು, ಪರವಾಗಿಲ್ಲ" ಅನ್ನಿ. ಸುಮ್ಮನೆ ನಿಂತಿರೋ ಹುಡುಗನ ಬಾಯಲ್ಲಿ ಉತ್ತರ ಇರಬಹುದು. ಪಟಪಟ ಇಂಗ್ಲಿಷ್ ಮಾತಾಡೋ ನಮ್ಮಂಥೋರಿಗೂ ಅದೇ ಪ್ರಶ್ನೆ ಕನ್ನಡದಲ್ಲೇ ಕೇಳಿ. ನಮಗೆ ಎಷ್ಟು ಗೊತ್ತಿದೆ ಅಂತ ನಿಮಗೂ ಗೊತ್ತಾಗತ್ತೆ, ನಮಗೂ ಗೊತ್ತಾಗತ್ತೆ.